ಕುಯ್ಲಿನ ಕಾಲದ ಭಾನುವಾರ: ಕೆಲಸ ನಿಲ್ಲಿಸಲೇಬೇಕಾ?

ತೋಟದ ಬೇಲಿ (ಮೂಡಿಗೆರೆ)
ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದು ಆರು ಎಕರೆ ಕಾಫಿ ತೋಟ. ಅರ್ಧ ಅರೇಬಿಕಾ, ಅರ್ಧ ರೊಬಸ್ಟಾ, ಮಧ್ಯೆ ಮಧ್ಯೆ ಮೆಣಸು. ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಈ ಸಲ ಡಿಸೆಂಬರ್ ಬಂದರೂ ಮೋಡ ಬಿಡುತ್ತಿಲ್ಲ. ಅರೇಬಿಕಾ ಹಣ್ಣಾಗಿ ಉದುರುತ್ತಿದೆ. ಕುಯ್ಯುವವರು ಸಿಕ್ಕಿರುವುದು ಕ್ರಿಸ್‌ಮಸ್‌ವರೆಗೆ ಮಾತ್ರ. ಆಮೇಲೆ ಅವರು ಬೇರೆ ದೊಡ್ಡ ತೋಟಕ್ಕೆ ಒಪ್ಪಿಕೊಂಡಿದ್ದಾರೆ. ಭಾನುವಾರವೂ ಕುಯ್ದರೆ ಮುಗಿಯುತ್ತದೆ ಅಂತ ಮೇಸ್ತ್ರಿ ದಿನಾ ಹೇಳುತ್ತಿದ್ದಾನೆ.

ಅಪ್ಪ ಇದ್ದಷ್ಟು ಕಾಲ ಭಾನುವಾರ ತೋಟದ ಗೇಟು ತೆಗೆಯಲಿಲ್ಲ. ಅಮ್ಮ ಈಗಲೂ ಅದನ್ನೇ ಹಿಡಿದು ಕೂತಿದ್ದಾರೆ. ಹೆಂಡತಿ ಕೇಳುತ್ತಾಳೆ, ಬ್ಯಾಂಕಿನವರು ಕಂತು ಕೇಳುವಾಗ ಇವರಿಗೆ ಭಾನುವಾರ ಇದೆ ಅಂತ ಬಿಡುತ್ತಾರಾ? ಇಬ್ಬರ ಮಾತೂ ಸರಿ ಅನಿಸುತ್ತದೆ. ಸತ್ಯವೇದದ (ಬೈಬಲಿನ) ಪ್ರಕಾರ ನಾನು ಏನು ಮಾಡಬೇಕು? ಸುಮ್ನೆ ಬೈಯಬೇಡಿ, ವಚನ ತೋರಿಸಿ.

ಬೇಲೂರು ಹಿರಿಯ
ವಚನ ತಾನೇ ಬೇಕು? ವಿಮೋಚನಕಾಂಡ 34:21 ತೆಗೆಯಿರಿ. ಆರು ದಿನ ಕೆಲಸ ಮಾಡು, ಏಳನೆಯ ದಿನ ನಿಲ್ಲಿಸು ಅಂತ ಹೇಳಿ ಅಲ್ಲಿಗೇ ಬಿಡುವುದಿಲ್ಲ. ಉಳುವ ಕಾಲದಲ್ಲೂ ಕೊಯ್ಯುವ ಕಾಲದಲ್ಲೂ ನಿಲ್ಲಿಸಬೇಕು ಅಂತ ಸೇರಿಸುತ್ತದೆ. ರೈತ ಏನು ನೆಪ ಹೇಳುತ್ತಾನೆ ಅಂತ ದೇವರಿಗೆ ಮೊದಲೇ ಗೊತ್ತಿತ್ತು. ನಿಮ್ಮ ಅಮ್ಮನವರು ಹೇಳುವುದು ಸರಿ.

ಪಲ್ಪರ್ ಮಾಮ
ಹಣ್ಣಿಗೆ ವಿಮೋಚನಕಾಂಡ ಗೊತ್ತಿಲ್ಲ ಸಾರ್. ಉದುರೋದು ಉದುರುತ್ತೆ.

ಕೊಪ್ಪದ ಟೀಚರ್
ಹಿರಿಯರೇ, ಅದು ಇಸ್ರಾಯೇಲರಿಗೆ ಕೊಟ್ಟ ಆಜ್ಞೆ. ಯೇಸುವಿನ ಶಿಷ್ಯರು ಸಬ್ಬತ್ ದಿನವೇ, ಅಂದರೆ ಆ ವಿಶ್ರಾಂತಿಯ ದಿನವೇ, ಪೈರಿನ ಹೊಲದಲ್ಲಿ ತೆನೆ ಕಿತ್ತು ತಿಂದರು. ಕಟ್ಟುನಿಟ್ಟಿನ ಯೆಹೂದಿ ಪಂಥದವರಾದ ಫರಿಸಾಯರು ತಕರಾರು ತೆಗೆದಾಗ ಯೇಸು ಏನಂದರು? ಸಬ್ಬತ್ ಇರುವುದು ಮನುಷ್ಯನಿಗಾಗಿ, ಮನುಷ್ಯ ಸಬ್ಬತ್ತಿಗಾಗಿ ಅಲ್ಲ (ಮಾರ್ಕ 2). ಲೂಕ 14ರಲ್ಲಿ ಬಾವಿಗೆ ಬಿದ್ದ ಎತ್ತನ್ನು ಆ ದಿನವೇ ಮೇಲಕ್ಕೆ ಎತ್ತುವುದಿಲ್ಲವಾ ಅಂತಲೂ ಕೇಳಿದ್ದಾರೆ. ಹಬ್ಬ, ಅಮಾವಾಸ್ಯೆ, ಸಬ್ಬತ್ ವಿಷಯದಲ್ಲಿ ನಿಮಗೆ ಯಾರೂ ತೀರ್ಪು ಮಾಡದಿರಲಿ ಅಂತ ಪೌಲ ಕೊಲೊಸ್ಸೆಯವರಿಗೆ ಬರೆದ. ಮಳೆ ತಲೆ ಮೇಲಿರುವಾಗ ಹಣ್ಣು ಉಳಿಸಿಕೊಳ್ಳುವುದು ಪಾಪ ಅಂತ ನನಗೆ ಅನಿಸುವುದಿಲ್ಲ.

ಬೇಲೂರು ಹಿರಿಯ
ಟೀಚರಮ್ಮ, ಎತ್ತು ಬಾವಿಗೆ ಬೀಳುವುದು ಆಕಸ್ಮಿಕ. ಕುಯ್ಲು ಪ್ರತಿ ವರ್ಷ ಬರುತ್ತದೆ. ಪ್ರತಿ ವರ್ಷ ಅದೇ ಎತ್ತು ಅದೇ ಬಾವಿಗೆ ಬೀಳುತ್ತದಾ? ಹಾಗಿದ್ದರೆ ಬಾವಿಗೆ ಕಟ್ಟೆ ಕಟ್ಟಿ.

ಶಿಷ್ಯರು ಹಸಿವಿಗೆ ಒಂದು ಹಿಡಿ ತೆನೆ ಕಿತ್ತರು. ಚೀಲ ಹಿಡಿದು ಹೊಲಕ್ಕೆ ಇಳಿಯಲಿಲ್ಲ. ಯೆಹೂದದ ಅಧಿಪತಿ ನೆಹೆಮೀಯನ ಕಾಲದಲ್ಲಿ ಅಲ್ಲಿಯವರು ಸಬ್ಬತ್ ದಿನ ದ್ರಾಕ್ಷಿ ತುಳಿದು, ಧಾನ್ಯದ ಹೊರೆಯನ್ನು ಕತ್ತೆ ಮೇಲೆ ಹೇರಿ ತರುತ್ತಿದ್ದರು. ಅವನು ಏನು ಮಾಡಿದ? ಯೆರೂಸಲೇಮಿನ ಬಾಗಿಲನ್ನೇ ಮುಚ್ಚಿಸಿದ. 13ನೇ ಅಧ್ಯಾಯ ಓದಿ. ಇವರ ಅಪ್ಪ ಗೇಟು ಮುಚ್ಚಿದ್ದು ಸುಮ್ನೆ ಅಲ್ಲ.

ಪಲ್ಪರ್ ಮಾಮ
ಬಾವಿಗೆ ಕಟ್ಟೆ ಕಟ್ಟಬಹುದು. ಮಳೆಗೆ ಎಲ್ಲಿ ಕಟ್ಟೋದು?

ಏಳನೇ ದಿನ
ಎಲ್ಲರೂ ಏಳನೆಯ ದಿನದ ವಚನ ಹೇಳಿ ಮೊದಲನೆಯ ದಿನಕ್ಕೆ ಜಗಳ ಆಡುತ್ತಿದ್ದೀರಿ. ಏಳನೆಯ ದಿನ ಶನಿವಾರ ಬ್ರದರ್. ನಮ್ಮ ಅಡ್ವೆಂಟಿಸ್ಟ್ ಮನೆಗಳಲ್ಲಿ ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಪಲ್ಪರ್ (ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ತಿರುಗುವುದಿಲ್ಲ. ಭಾನುವಾರ ಆರಾಮಾಗಿ ಕುಯ್ಯುತ್ತೇವೆ. ಈ ಪ್ರಶ್ನೆಯೇ ಇಲ್ಲ. 🙂

ಹಳೇ ಕಡತ (ಹಾಸನ)
ಅಪೊಸ್ತಲರ ಕೃತ್ಯಗಳು 20:7ರಲ್ಲಿ ವಾರದ ಮೊದಲನೆಯ ದಿನ ರೊಟ್ಟಿ ಮುರಿಯಲು ಸೇರಿದ್ದರು ಅಂತ ಇದೆ. 1 ಕೊರಿಂಥ 16:2ರಲ್ಲಿ ಅದೇ ದಿನ ಕಾಣಿಕೆ ತೆಗೆದಿಡಿ ಅಂತ ಇದೆ. ಅಂದರೆ ಮೊದಲ ಕ್ರೈಸ್ತರು ಆ ದಿನ ಕೂಡುತ್ತಿದ್ದರು. ಆದರೆ ಆ ದಿನ ರಜೆ ಇರಲಿಲ್ಲ. ಅವರಲ್ಲಿ ಎಷ್ಟೋ ಜನ ದಾಸರು, ರಜೆ ಕೊಡುವವರು ಯಾರು?

ಭಾನುವಾರದ ರಜೆ ಕಾನೂನಾಗಿದ್ದು 321ರಲ್ಲಿ, ಕಾನ್‌ಸ್ಟಂಟೈನ್ ಚಕ್ರವರ್ತಿಯ ಆಜ್ಞೆಯಿಂದ. ಪಟ್ಟಣದ ಜನ, ನ್ಯಾಯಾಧೀಶರು, ಕಸುಬುದಾರರು ಎಲ್ಲ ಆ ದಿನ ಕೆಲಸ ನಿಲ್ಲಿಸಬೇಕು ಅಂದ. ಮಜಾ ಕೇಳಿ. ಹಳ್ಳಿಯ ಬೇಸಾಯಗಾರರಿಗೆ ಮಾತ್ರ ವಿನಾಯಿತಿ. ಕಾಳು ಬಿತ್ತುವುದಕ್ಕೆ, ದ್ರಾಕ್ಷಿ ಬಳ್ಳಿ ನೆಡುವುದಕ್ಕೆ ಎಷ್ಟೋ ಸಲ ಬೇರೆ ದಿನ ಅಷ್ಟು ಹೊಂದುವುದಿಲ್ಲ, ಆ ಗಳಿಗೆ ತಪ್ಪಬಾರದು ಅಂತ ಅದೇ ಆಜ್ಞೆಯಲ್ಲಿ ಕಾರಣ ಕೊಟ್ಟಿದ್ದಾನೆ. ನಮ್ಮ ಬೇಲಿ ಅಣ್ಣನ ಪ್ರಶ್ನೆಗೆ ಸಾವಿರದ ಏಳುನೂರು ವರ್ಷದ ಹಿಂದೆಯೇ ಒಂದು ಉತ್ತರ ಸಿಕ್ಕಿತ್ತು.

ಬೇಲೂರು ಹಿರಿಯ
ಚಕ್ರವರ್ತಿ ಕೊಟ್ಟ ವಿನಾಯಿತಿ ದೇವರು ಕೊಟ್ಟ ಹಾಗಾಗುತ್ತದಾ? ನಾನು ಕಾನ್‌ಸ್ಟಂಟೈನ್ ಸಭೆಯವನಲ್ಲ.

ಹಳೇ ಕಡತ (ಹಾಸನ)
ಹಾಗಾದರೆ ಅವನು ಕೊಟ್ಟ ರಜೆಯನ್ನೂ ಬಿಡಿ ಸಾರ್. 😄

ಗಂಟೆ ಗೋಪುರ (ಚಿಕ್ಕಮಗಳೂರು)
ನಮ್ಮ ಕ್ಯಾಥೋಲಿಕರಲ್ಲಿ ಇದು ಅಷ್ಟು ಕಷ್ಟ ಇಲ್ಲ. 1983ರ ಧರ್ಮಸಭೆಯ ಕಾನೂನಿನಲ್ಲಿ ಎರಡು ಮಾತಿದೆ. 1247ನೇ ನಿಯಮದ ಪ್ರಕಾರ ಭಾನುವಾರ ಬಲಿಪೂಜೆಗೆ ಬರಬೇಕು, ಮತ್ತೆ ಆರಾಧನೆಗೂ ಆ ದಿನದ ಸಂತೋಷಕ್ಕೂ ವಿಶ್ರಾಂತಿಗೂ ಅಡ್ಡ ಬರುವ ಕೆಲಸ ಬಿಡಬೇಕು. 1248ರ ಪ್ರಕಾರ ಹಿಂದಿನ ದಿನ ಸಂಜೆಯ ಪೂಜೆಗೆ ಹೋದರೂ ಸಾಕು. ಕುಯ್ಲಿನ ಕಾಲದಲ್ಲಿ ನಮ್ಮ ಮನೆಯವರು ಶನಿವಾರ ಸಂಜೆ ಪೂಜೆ ಮುಗಿಸಿ ಬರುತ್ತಾರೆ. ತೀರಾ ಅವಸರ ಇದ್ದರೆ ಫಾದರ್ ಹತ್ತಿರ ಒಂದು ಮಾತು ಹೇಳುತ್ತಾರೆ.

ಬೇಲೂರು ಹಿರಿಯ
ಶನಿವಾರ ಮುಗಿಸಿದರೆ ಭಾನುವಾರ ಪೂರ್ತಿ ದುಡ್ಡಿಗೆ ಅಂತಾಯಿತು.

ಗಂಟೆ ಗೋಪುರ (ಚಿಕ್ಕಮಗಳೂರು)
ಹಿರಿಯರೇ, ಪೂಜೆ ಮುಗಿದರೂ ವಿಶ್ರಾಂತಿಯ ಮಾತು ಹಾಗೇ ಇದೆ ಅಂತಲೇ ನಾನು ಹೇಳಿದ್ದು. ಪೂರ್ತಿ ಓದಿ. ನಿಮ್ಮ ಕಡೆ ಭಾನುವಾರ ಹತ್ತೂವರೆ ಆರಾಧನೆಗೆ ಕಾರು ತೊಳೆಯುವ ಹುಡುಗನನ್ನು ಎಷ್ಟು ಗಂಟೆಗೆ ಕರೆಸುತ್ತೀರಿ ಅಂತ ನಾನು ಕೇಳಿದೆನಾ?

ಹೇಮಾವತಿ ದಂಡೆ
ಜಗಳ ಬೇಡ. ನಮ್ಮ ಕಡೆಯ ಯುವಕರು ಭಾನುವಾರ ಆದರೆ ಸಾಕು ಶೆಟ್ಟಿಹಳ್ಳಿಗೆ ಬೈಕ್ ತಿರುಗಿಸುತ್ತಾರೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಚರ್ಚು. ಗೊರೂರು ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ. ಪೂಜೆ ನಡೆಯುವ ಚರ್ಚಿಗೆ ಬರಲ್ಲ, ಪೂಜೆ ನಿಂತ ಚರ್ಚಿಗೆ ಫೋಟೋ ತೆಗೆಯಲು ಹೋಗುತ್ತಾರೆ. ಇದಕ್ಕೆ ಯಾವ ವಚನ?

ಪಲ್ಪರ್ ಮಾಮ
ಅಲ್ಲಿ ಪಾರ್ಕಿಂಗ್‌ಗೆ ಈಗ ದುಡ್ಡು ತಗೋತಾರಾ?

ಹೇಮಾವತಿ ದಂಡೆ
ಮಾಮ, ವಿಷಯಕ್ಕೆ ಬನ್ನಿ.

ನೈಟ್ ಡ್ಯೂಟಿ ಅಕ್ಕ (ಹಾಸನ)
ನಾನು ನರ್ಸ್. ತಿಂಗಳಲ್ಲಿ ಎರಡು ಭಾನುವಾರವಾದರೂ ಡ್ಯೂಟಿ ಇರುತ್ತದೆ. ಇದುವರೆಗೆ ಸಭೆಯಲ್ಲಿ ಯಾರೂ ನನಗೆ ವಿಮೋಚನಕಾಂಡ ತೋರಿಸಿಲ್ಲ, ಎಲ್ಲರೂ "ಒಳ್ಳೆ ಸೇವೆ ಮಾ" ಅನ್ನುತ್ತಾರೆ. ಭಾನುವಾರ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲೇ ಎಲ್ಲರೂ ಚರ್ಚಿಗೆ ಬರುತ್ತಾರೆ, ಆ ಡ್ರೈವರ್ ಯಾರು? ಆರಾಧನೆ ಮುಗಿಸಿ ಹೋಟೆಲಿಗೆ ಹೋಗುತ್ತಾರೆ, ಅಲ್ಲಿ ದೋಸೆ ಹುಯ್ಯುವವನು ಯಾರು? ನಾವು ವಿಶ್ರಾಂತಿ ತಗೋಬೇಕು ಅಂದರೆ ಇನ್ಯಾರೋ ನಿಂತಿರಬೇಕು. ಇದನ್ನು ಒಪ್ಪಿಕೊಂಡು ಮಾತಾಡಿದರೆ ಚೆನ್ನ.

ಲೈನ್ ಮನೆ ಹುಡುಗಿ
ಇಷ್ಟು ಹೊತ್ತು ಎಲ್ಲರೂ ಮಾತಾಡಿದ್ದು ತೋಟದ ಯಜಮಾನರು ಚರ್ಚಿಗೆ ಹೋಗಬಹುದಾ ಇಲ್ಲವಾ ಅಂತ. ನನ್ನ ಅಮ್ಮ ಸಕಲೇಶಪುರ ಕಡೆ ತೋಟದಲ್ಲಿ ಕುಯ್ಯಲು ಹೋಗುತ್ತಿದ್ದರು. ನಾನು ಲೈನ್ ಮನೆಯಲ್ಲೇ (ತೋಟದ ಆಳುಗಳ ಸಾಲು ಮನೆ) ಬೆಳೆದವಳು. ನಾವೂ ಕ್ರೈಸ್ತರೇ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಹತ್ತು ಆಜ್ಞೆ ಸತ್ಯವೇದದಲ್ಲಿ ಎರಡು ಕಡೆ ಇದೆ. ವಿಮೋಚನಕಾಂಡ 20ರಲ್ಲಿ ವಿಶ್ರಾಂತಿಗೆ ಕಾರಣ ದೇವರು ಏಳನೆಯ ದಿನ ವಿಶ್ರಮಿಸಿದ್ದು. ಧರ್ಮೋಪದೇಶಕಾಂಡ 5ರಲ್ಲಿ ಕಾರಣ ಬೇರೆ. ನೀನು ಐಗುಪ್ತದಲ್ಲಿ (ಈಜಿಪ್ಟ್) ದಾಸನಾಗಿದ್ದೆ ಅನ್ನುವುದನ್ನು ನೆನಪಿಟ್ಟುಕೋ, ನಿನ್ನ ಹಾಗೆಯೇ ನಿನ್ನ ದಾಸದಾಸಿಯರೂ ವಿಶ್ರಮಿಸಲಿ. ನಿನ್ನ ಹಾಗೆಯೇ! ವಿಮೋಚನಕಾಂಡ 23:12 ಇನ್ನೂ ಬಿಡಿಸಿ ಹೇಳುತ್ತದೆ. ಎತ್ತಿಗೆ, ಕತ್ತೆಗೆ, ಮನೆಯ ದಾಸಿಯ ಮಗನಿಗೆ, ಪರದೇಶದವನಿಗೆ ದಣಿವು ಆರಬೇಕು ಅಂತ. ಇವತ್ತು ನಿಮ್ಮ ತೋಟದಲ್ಲಿ ಅಸ್ಸಾಂನಿಂದ, ಜಾರ್ಖಂಡ್‌ನಿಂದ ಬಂದು ಕುಯ್ಯುತ್ತಿರುವವರು ಯಾರು? ಆಜ್ಞೆ ಬರೆದಿರುವುದು ಅವರ ಸಲುವಾಗಿ. ಯಜಮಾನನಿಗೆ ವಿಶ್ರಾಂತಿ ಯಾವಾಗ ಬೇಕಾದರೂ ಸಿಗುತ್ತದೆ, ಆಜ್ಞೆ ಬೇಕಿಲ್ಲ.

ಇನ್ನೊಂದು. ಅಮ್ಮ ಕೆಲಸ ಮಾಡುತ್ತಿದ್ದ ಒಂದು ತೋಟದಲ್ಲಿ ಭಾನುವಾರ ಗೇಟು ಭದ್ರವಾಗಿ ಮುಚ್ಚುತ್ತಿದ್ದರು. ಯಜಮಾನರು ಮುಂದಿನ ಬೆಂಚಿನವರು. ಆದರೆ ಶನಿವಾರ ಸಂಜೆ ತೂಕ ಹಾಕುವಾಗ ಚೀಲದ ತೂಕ ಅಂತ, ಎಲೆ ಅಂತ, ಕಾಯಿ ಜಾಸ್ತಿ ಇದೆ ಅಂತ ಕಳೆಯುತ್ತಲೇ ಹೋಗುತ್ತಿದ್ದರು. ಆಮೋಸ 8:5 ಓದಿ. ಸಬ್ಬತ್ ಯಾವಾಗ ಮುಗಿಯುತ್ತದೆ, ಯಾವಾಗ ಅಳತೆ ಕಿರಿದು ಮಾಡಿ ಗೋದಿ ಮಾರೋಣ ಅಂತ ಕಾಯುತ್ತಿದ್ದ ವ್ಯಾಪಾರಿಗಳನ್ನು ಪ್ರವಾದಿ ಬೈಯುತ್ತಾನೆ. ಅವರೂ ಸಬ್ಬತ್ ಆಚರಿಸುತ್ತಿದ್ದವರೇ. ಬೇಲಿ ಅಣ್ಣ, ನಿಮ್ಮ ಗೇಟು ಮುಚ್ಚುವ ಮೊದಲು ತಕ್ಕಡಿ ನೋಡಿ.

ಕೊಪ್ಪದ ಟೀಚರ್
ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ಚೆನ್ನಾಗಿ ಹೇಳಿದೆಯಮ್ಮ.

ತೋಟದ ಬೇಲಿ (ಮೂಡಿಗೆರೆ)
ತಂಗೀ, ನಮ್ಮಲ್ಲಿ ಡಿಜಿಟಲ್ ತೂಕ, ಅವರ ಎದುರಿಗೇ ಹಾಕುತ್ತೇವೆ. ಚೀಲ ಖಾಲಿ ತೂಗಿ ಅಷ್ಟೇ ಕಳೆಯುತ್ತೇವೆ. ಆ ವಿಷಯದಲ್ಲಿ ಧೈರ್ಯವಾಗಿ ಹೇಳುತ್ತೇನೆ.

ಆದರೆ ನಿನ್ನ ಮಾತಿನಲ್ಲಿ ಒಂದು ತೊಡಕಿದೆ. ನಮ್ಮದು ಕೆಜಿ ಲೆಕ್ಕದ ಕುಯ್ಲು. ಭಾನುವಾರ ನಿಲ್ಲಿಸಿದರೆ ಅವರಿಗೆ ಆ ದಿನ ಕೂಲಿಯೇ ಇಲ್ಲ. ಅವರು ಅಷ್ಟು ದೂರದಿಂದ ಬಂದಿರುವುದೇ ನಾಲ್ಕು ಕಾಸು ಮಾಡಿಕೊಂಡು ಹೋಗಲು. ರಜೆ ಕೊಡುತ್ತೇನೆ ಅಂದರೆ "ಕೆಲಸ ಕೊಡಿ" ಅನ್ನುತ್ತಾರೆ. ನನ್ನ ಸಬ್ಬತ್ತಿಗೆ ಅವರು ಉಪವಾಸ ಇರಬೇಕಾ?

ಪಲ್ಪರ್ ಮಾಮ
ಅದೇ ನಾನೂ ಹೇಳೋಣ ಅಂತಿದ್ದೆ. ನಮ್ಮಲ್ಲಿ ಒಂದು ದಿನ ನಿಲ್ಲಿಸಿದ್ದಕ್ಕೆ ಅವರು ಪಕ್ಕದ ತೋಟಕ್ಕೆ ಹೋಗಿ ಕುಯ್ದರು. ನನ್ನ ಹಣ್ಣು ನೆಲದ ಮೇಲೆ, ನನ್ನ ಆಳುಗಳು ಅವನ ಗಿಡದ ಮೇಲೆ. ವಿಶ್ರಾಂತಿ ಯಾರಿಗಾಯಿತು?

ಲೈನ್ ಮನೆ ಹುಡುಗಿ
ಕೂಲಿ ಇಲ್ಲದ ರಜೆ ವಿಶ್ರಾಂತಿ ಅಲ್ಲ. ಹಾಗಾದರೆ ರಜೆಗೆ ಕೂಲಿ ಕೊಡಿ. ಅಮ್ಮ ಬದುಕಿಡೀ ಇದನ್ನೇ ಹೇಳಿದ್ದು.

ಇನ್ನೊಂದು ಕೇಳುತ್ತೇನೆ. ಜಾರ್ಖಂಡ್‌ನಿಂದ ಬರುವ ಮುಂಡಾ, ಉರಾಂವ್ ಜನರಲ್ಲಿ ಎಷ್ಟೋ ಮನೆಗಳು ಕ್ರೈಸ್ತರದು. ಬೇಲಿ ಅಣ್ಣ, ನಿಮ್ಮ ಆಳುಗಳನ್ನು ಕೇಳಿದ್ದೀರಾ?

ತೋಟದ ಬೇಲಿ (ಮೂಡಿಗೆರೆ)
ಕೇಳಿಲ್ಲ. ಕೇಳುತ್ತೇನೆ.

ಕಡೂರು ಗೌಡ
ನಾನು ನಿಮ್ಮ ಧರ್ಮದವನಲ್ಲ, ಆದರೂ ಓದುತ್ತಾ ಕೂತೆ. ನಮ್ಮ ಬಯಲುಸೀಮೆ ಕಡೆ ಸೋಮವಾರ ಬಸವಣ್ಣನ ವಾರ. ಎತ್ತಿನ ಮೇಲೆ ನೊಗ ಇಡಲ್ಲ. ಎಷ್ಟೇ ಹದ ಇದ್ದರೂ ನಮ್ಮಜ್ಜ ಸೋಮವಾರ ಆರು ಕಟ್ಟುತ್ತಿರಲಿಲ್ಲ. ನಿಮ್ಮ ಪುಸ್ತಕದಲ್ಲೂ ಎತ್ತಿನ ವಿಶ್ರಾಂತಿ ಇದೆ ಅಂತ ಇವತ್ತು ಗೊತ್ತಾಯಿತು. ಈಗ ಎಲ್ಲ ಟ್ರ್ಯಾಕ್ಟರ್, ಅದಕ್ಕೆ ವಾರ ಇಲ್ಲ. ಹಾಗಾಗಿ ಡ್ರೈವರ್‌ಗೂ ಇಲ್ಲ.

ಹಳೇ ಕಡತ (ಹಾಸನ)
ಗೌಡರೇ, ಕೊನೆಯ ಮಾತು ಒಪ್ಪಿದೆ.

ಕಾನೂನಿನ ಒಂದು ಮಾತು. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಏಳು ದಿನಕ್ಕೆ ಒಂದು ದಿನ ರಜೆಯ ಮಾತು ಇತ್ತು. ಅದು ಭಾನುವಾರವೇ ಆಗಬೇಕು ಅಂತಿರಲಿಲ್ಲ. ಆದರೆ ಆ ಕಾಯ್ದೆ ಅನ್ವಯಿಸುತ್ತಿದ್ದದ್ದು 5 ಹೆಕ್ಟೇರ್ ಮತ್ತು ಮೇಲಿನ, 15 ಆಳಿಗೆ ಕಡಿಮೆ ಇಲ್ಲದ ತೋಟಗಳಿಗೆ. ಆರು ಎಕರೆಯ ಬೇಲಿ ಅಣ್ಣನನ್ನು ಅದರಡಿ ಕೇಳುವವರಿರಲಿಲ್ಲ. ಮಲೆನಾಡಿನ ಎಷ್ಟೋ ತೋಟಗಳಲ್ಲಿ ರಜೆ ಅಂದರೆ ಸಂತೆಯ ದಿನ ತಾನೇ? ಬಟವಾಡೆ, ಸಂತೆ, ರಜೆ ಮೂರೂ ಒಟ್ಟಿಗೆ.

ಕೊಪ್ಪದ ಟೀಚರ್
ಬಟವಾಡೆ ಅಂದದ್ದಕ್ಕೆ ನೆನಪಾಯಿತು. ಯಾಜಕಕಾಂಡ 19:13ರಲ್ಲಿ ಕೂಲಿಯವನ ಕೂಲಿಯನ್ನು ಬೆಳಗಾಗುವವರೆಗೆ ಇಟ್ಟುಕೊಳ್ಳಬೇಡ ಅಂತಿದೆ. ಯಾಕೋಬನ ಪತ್ರಿಕೆ 5:4 ಅಂತೂ ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿಯೇ ಕೂಗುತ್ತಿದೆ ಅನ್ನುತ್ತದೆ. "ಕುಯ್ಲು ಮುಗಿದ ಮೇಲೆ ಒಟ್ಟಿಗೆ ಲೆಕ್ಕ" ಅನ್ನುವ ಪದ್ಧತಿ ನಮ್ಮಲ್ಲೂ ಇದೆ. ಆಳು ಬಿಟ್ಟು ಹೋಗಬಾರದು ಅಂತ ದುಡ್ಡು ಹಿಡಿದಿಡುತ್ತಾರೆ. ಭಾನುವಾರದ ಬಗ್ಗೆ ಪ್ರಸಂಗ ಬೇಕಾದಷ್ಟು ಕೇಳಿದ್ದೇನೆ. ಇದರ ಬಗ್ಗೆ ನಮ್ಮ ಕಡೆ ಒಂದೂ ಕೇಳಿಲ್ಲ. ಕಾಣಿಕೆ ಕಡಿಮೆಯಾಗುತ್ತದೆ ಅಂತಲೋ ಏನೋ!

ಬೇಲೂರು ಹಿರಿಯ
ಪ್ರಸಂಗ ಮಾಡುವ ಅಯ್ಯನವರ (ಪಾದ್ರಿಗಳ) ಮೇಲೆ ಹಾಗೆ ಸಲೀಸಾಗಿ ಹೇಳಬೇಡಿ. ನಮ್ಮ ಸಭೆಯಲ್ಲಿ ಸುಗ್ಗಿ ಹಬ್ಬದ ದಿನವೇ ಯಾಕೋಬನ ಪತ್ರಿಕೆ ಓದಿ ಪ್ರಸಂಗ ಮಾಡಿದ್ದಾರೆ. ಆಮೇಲೆ ಹರಾಜಿನಲ್ಲಿ ಒಂದು ಬಾಳೆಗೊನೆ ಎಷ್ಟಕ್ಕೆ ಹೋಯಿತು ಅಂತ ಕೇಳಿದರೆ ನಂಬಲ್ಲ ನೀವು.

ಕೂಲಿ ಸಹಿತ ರಜೆ ಅನ್ನುವ ಮಾತು ನನಗೆ ಒಪ್ಪಿಗೆ. ಮರುಭೂಮಿಯಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ಆಹಾರ, ಆ ಮನ್ನದ ಕಥೆಯಲ್ಲೂ ಆರನೆಯ ದಿನ ಎರಡರಷ್ಟು ಸಿಕ್ಕಿತ್ತು. ಏಳನೆಯ ದಿನ ಯಾರೂ ಹಸಿದಿರಲಿಲ್ಲ. ವಿಶ್ರಾಂತಿ ಕೊಡುವವನು ಊಟಕ್ಕೂ ದಾರಿ ಮಾಡಿದ್ದ.

ಗಂಟೆ ಗೋಪುರ (ಚಿಕ್ಕಮಗಳೂರು)
ಹಿರಿಯರ ಜೊತೆ ಒಮ್ಮತ ಆಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ಹೇಮಾವತಿ ದಂಡೆ
ಯಾಜಕಕಾಂಡ 19 ತೆಗೆದಿದ್ದೀರಿ, 9 ಮತ್ತು 10ನೇ ವಚನವನ್ನೂ ಓದಿ. ಹೊಲದ ಅಂಚಿನವರೆಗೆ ಕೊಯ್ಯಬೇಡ, ಉದುರಿದ್ದನ್ನು ಹೆಕ್ಕಬೇಡ, ಬಡವರಿಗೂ ಪರದೇಶದವರಿಗೂ ಬಿಡು. ಪರದೇಶದ ಬಡ ವಿಧವೆ ರೂತಳು ತೆನೆ ಹೆಕ್ಕಲು ಬೋವಜನ ಹೊಲಕ್ಕೆ ಬಂದದ್ದು ಹಾಗೆ. ನಮ್ಮ ತೋಟದಲ್ಲಿ ಉದುರಿದ ಹಣ್ಣು ಹೆಕ್ಕಿದರೆ ಕಳ್ಳತನ ಅಂತ ಹಿಡಿಯುತ್ತಾರೆ.

ಪಲ್ಪರ್ ಮಾಮ
ದಂಡೆ ಅಣ್ಣ, ಕಾಫಿಯಲ್ಲಿ ಅದು ನಡೆಯಲ್ಲ. ನೆಲದಲ್ಲಿ, ಗಿಡದಲ್ಲಿ ಹಣ್ಣು ಉಳಿಸಿದರೆ ಕಾಯಿಕೊರಕ ಹುಳ ಅಲ್ಲೇ ಸಂಸಾರ ಹೂಡುತ್ತೆ. ಮುಂದಿನ ವರ್ಷದ ಫಸಲಿಗೆ ಅದೇ ಬರೋದು. ಒಂದು ಹಣ್ಣೂ ಬಿಡದೆ ಹೆಕ್ಕಿ ತೆಗೀರಿ ಅಂತ ಕಾಫಿ ಬೋರ್ಡಿನವರು ಹೇಳಿ ಹೇಳಿ ಸಾಕಾಗಿದ್ದಾರೆ. ಮೋಶೆಯ ಕಾಲದಲ್ಲಿ ಕಾಯಿಕೊರಕ ಇರಲಿಲ್ಲ.

ಲೈನ್ ಮನೆ ಹುಡುಗಿ
ಮಾಮ, ಹೆಕ್ಕಲಿ. ಹೆಕ್ಕಿದ್ದು ಹೆಕ್ಕಿದವರಿಗೇ ಇರಲಿ ಅಂದರೆ ಆಯಿತಲ್ಲ? ಹುಳವೂ ಹೋಯಿತು, ವಚನವೂ ಉಳಿಯಿತು.

ಪಲ್ಪರ್ ಮಾಮ
ಆಮೇಲೆ ಬೇಕಂತಲೇ ಉದುರಿಸ್ತಾರೆ.

ಲೈನ್ ಮನೆ ಹುಡುಗಿ
ಬೋವಜ ತನ್ನ ಆಳುಗಳಿಗೆ ಅದನ್ನೇ ಹೇಳಿದ್ದ. ಅವಳಿಗಾಗಿ ಬೇಕಂತಲೇ ಒಂದಷ್ಟು ಬೀಳಿಸಿ ಅಂತ. ರೂತಳು 2:16.

ನೈಟ್ ಡ್ಯೂಟಿ ಅಕ್ಕ (ಹಾಸನ)
ಮಾಮ ಔಟ್. 😂

ಕಣದ ಕಾವಲು (ಬಾಳೆಹೊನ್ನೂರು)
ಕೆಲಸದ ಮಾತು ಯಾರೂ ಹೇಳಲಿಲ್ಲ, ಹೇಳುತ್ತೇನೆ. ಭಾನುವಾರ ಬಿಡುವು ಬೇಕಾದರೆ ಲೆಕ್ಕ ಶುಕ್ರವಾರವೇ ಹಾಕಬೇಕು. ಕುಯ್ದ ಅರೇಬಿಕಾ ಹಣ್ಣನ್ನು ಅದೇ ದಿನ ಪಲ್ಪ್ ಮಾಡಬೇಕು, ಇಲ್ಲದಿದ್ದರೆ ರಾಶಿಯಲ್ಲೇ ಬಿಸಿಯಾಗಿ ಹುಳಿ ಬರುತ್ತದೆ. ಪಲ್ಪ್ ಮಾಡಿದ್ದು ತೊಟ್ಟಿಯಲ್ಲಿ ಒಂದು ದಿನ, ಚಳಿ ಜಾಸ್ತಿ ಇದ್ದರೆ ಒಂದೂವರೆ ದಿನ ಇದ್ದು ಆಮೇಲೆ ತೊಳೆಯಬೇಕು. ಅಂದರೆ ಶನಿವಾರ ಕುಯ್ದರೆ ತೊಳೆಯುವ ಕೆಲಸ ಭಾನುವಾರ ರಾತ್ರಿ ಕುತ್ತಿಗೆಗೆ ಬರುತ್ತದೆ.

ನಾನು ಮಾಡುವುದು ಹೀಗೆ. ಶುಕ್ರವಾರದವರೆಗೆ ಅರೇಬಿಕಾ. ಶನಿವಾರ ರೊಬಸ್ಟಾ ಹಣ್ಣಾದ ಕಡೆ ಹೋಗಿ, ಕುಯ್ದದ್ದನ್ನು ಚೆರ್ರಿ ಮಾಡಲು (ಸಿಪ್ಪೆ ಸಹಿತ ಒಣಗಿಸಲು) ನೇರ ಕಣಕ್ಕೆ ಹರಡುತ್ತೇನೆ. ರೊಬಸ್ಟಾ ಹಣ್ಣಾದರೂ ಗಿಡದಲ್ಲಿ ನಿಲ್ಲುತ್ತದೆ, ಅರೇಬಿಕಾ ಹಾಗೆ ಕಾಯುವುದಿಲ್ಲ. ಭಾನುವಾರ ಉಳಿಯುವುದು ಕಣ ಕೆದಕುವುದು, ಸಂಜೆ ಟಾರ್ಪಾಲು ಮುಚ್ಚುವುದು. ಅದಕ್ಕೆ ಆಳು ಬೇಡ. ಮನೆಯವರೇ ಸಾಕು. ಸಬ್ಬತ್ ದಿನ ಎತ್ತು ಬಿಚ್ಚಿ ನೀರು ಕುಡಿಸಿದ ಹಾಗೆ ಅಂದುಕೊಳ್ಳಿ. ಲೂಕ 13ರಲ್ಲಿ ಅದೂ ಇದೆ.

ಕೊಪ್ಪದ ಟೀಚರ್
ನಿಮ್ಮ ಕಡೆ ರೊಬಸ್ಟಾ ಡಿಸೆಂಬರ್‌ನಲ್ಲೇ ಹಣ್ಣಾಗುತ್ತದಾ? ನಮ್ಮಲ್ಲಿ ಜನವರಿ.

ಕಣದ ಕಾವಲು (ಬಾಳೆಹೊನ್ನೂರು)
ಬಿಸಿಲು ಬೀಳುವ ಅಂಚಿನಲ್ಲಿ ಒಂದಷ್ಟು ಬೇಗ ಬರುತ್ತದೆ. ಇಲ್ಲದ ವರ್ಷ ಶನಿವಾರದ ಅರೇಬಿಕಾವನ್ನೂ ಚೆರ್ರಿ ಮಾಡಿಬಿಡುತ್ತೇನೆ. ರೇಟು ಸ್ವಲ್ಪ ಹೋಗುತ್ತದೆ, ಹೋಗಲಿ.

ತೋಟದ ಬೇಲಿ (ಮೂಡಿಗೆರೆ)
ಎಲ್ಲರಿಗೂ ವಂದನೆ. ಮೇಸ್ತ್ರಿಯನ್ನು ಕೂರಿಸಿಕೊಂಡು ಆಳುಗಳ ಹತ್ತಿರವೇ ಮಾತಾಡಿದೆ. ಅಸ್ಸಾಂ ಕಡೆಯವರಿಗೆ ಭಾನುವಾರ ಅಂತ ಏನಿಲ್ಲ. ಶುಕ್ರವಾರ ನಮಾಜಿಗೆ ಎರಡು ಗಂಟೆ ಬಿಟ್ಟರೆ ಸಾಕು ಅಂದರು. ಇಷ್ಟು ದಿನ ಅವರು ಅದನ್ನೂ ಕೇಳಿರಲಿಲ್ಲ. ಜಾರ್ಖಂಡ್‌ನ ಎರಡು ಮನೆಯವರು ಕ್ರೈಸ್ತರೇ, ಲುಥೆರನ್ ಸಭೆಯವರು. ಮೊಬೈಲಿನಲ್ಲಿ ಅವರ ಊರಿನ ಹಾಡು ಹಾಕಿ ತೋರಿಸಿದರು. ಹಿಂದಿನ ವರ್ಷವೂ ಅವರು ನಮ್ಮಲ್ಲೇ ಇದ್ದವರು.

ಸದ್ಯಕ್ಕೆ ನಿಂತಿರುವುದು ಹೀಗೆ. ಭಾನುವಾರ ಕುಯ್ಲಿಲ್ಲ. ವಾರದ ಆರು ದಿನ ಕುಯ್ದ ಸರಾಸರಿಯ ಅರ್ಧದಷ್ಟು ಕೂಲಿ ಆ ದಿನಕ್ಕೆ ಕೊಡುತ್ತೇನೆ. ಪೂರ್ತಿ ಕೊಡಲು ಈ ವರ್ಷ ನನ್ನ ಕೈಲಿ ಆಗುವುದಿಲ್ಲ, ಹೆಂಡತಿ ಲೆಕ್ಕ ಹಾಕಿ ತೋರಿಸಿದಳು. ಬಟವಾಡೆ ಪ್ರತಿ ಶನಿವಾರ. ಮಳೆ ಬರುವುದು ಖಂಡಿತ ಅಂತ ಹಿಂದಿನ ದಿನ ಗೊತ್ತಾದರೆ ಮಾತ್ರ ಭಾನುವಾರ ಮಧ್ಯಾಹ್ನದ ಮೇಲೆ ಇಷ್ಟ ಇದ್ದವರು ಬರಬಹುದು, ಕೆಜಿಗೆ ಜಾಸ್ತಿ ರೇಟು. ಅಮ್ಮನಿಗೆ ಈ ಕೊನೆಯ ಭಾಗ ಹೇಳಿಲ್ಲ.

ಬೇಲೂರು ಹಿರಿಯ
ಆ ಕೊನೆಯ ಭಾಗ ನಾನೂ ಒಪ್ಪುವುದಿಲ್ಲ. ಒಮ್ಮೆ ಬಾಗಿಲು ತೆರೆದರೆ ಮುಂದಿನ ವರ್ಷ ಮೋಡ ಕಂಡರೂ ಸಾಕು ಅನಿಸುತ್ತದೆ.

ಲೈನ್ ಮನೆ ಹುಡುಗಿ
ನನಗೆ ಅರ್ಧ ಕೂಲಿ ಒಪ್ಪಿಗೆ ಇಲ್ಲ. ಆದರೆ ಏನೂ ಇಲ್ಲದ್ದಕ್ಕಿಂತ ಮೇಲು. ಮುಂದಿನ ವರ್ಷ ಮತ್ತೆ ಕೇಳುತ್ತೇನೆ.

ನೈಟ್ ಡ್ಯೂಟಿ ಅಕ್ಕ (ಹಾಸನ)
ಆ ಎರಡು ಮನೆಯವರನ್ನು ಚರ್ಚಿಗೆ ಕರೆದುಕೊಂಡು ಹೋಗುತ್ತೀರಾ? ಕನ್ನಡ ಆರಾಧನೆ ಅವರಿಗೆ ಅರ್ಥ ಆಗುವುದಿಲ್ಲ, ಆದರೂ ರಾಗ ಗೊತ್ತಿರುವ ಹಾಡು ಒಂದೆರಡು ಇದ್ದೇ ಇರುತ್ತವೆ.

ತೋಟದ ಬೇಲಿ (ಮೂಡಿಗೆರೆ)
ಕರೆದಿದ್ದೇನೆ ಅಕ್ಕ. ಜೀಪಿನಲ್ಲಿ ಜಾಗ ಸಾಲುವುದಿಲ್ಲ, ಅಮ್ಮ ಮುಂದೆ ಕೂರಬೇಕು. ಎರಡು ಟ್ರಿಪ್ ಹೊಡೆಯಬೇಕಾಗುತ್ತದೆ.

ಪಲ್ಪರ್ ಮಾಮ
ಎರಡನೇ ಟ್ರಿಪ್ ನಾನು ಹೊಡೀತೀನಿ. ಹೇಗಿದ್ದರೂ ಮೂಡಿಗೆರೆಗೆ ಡೀಸೆಲ್‌ಗೆ ಬರ್ತಿದ್ದೀನಿ. ಹಿರಿಯರೇ, ಭಾನುವಾರ ಡೀಸೆಲ್ ಹಾಕಿಸಬಹುದಾ?

ಬೇಲೂರು ಹಿರಿಯ
ಶನಿವಾರವೇ ಹಾಕಿಸಿ.